ತುರ್ತು ಸಂದರ್ಭಕ್ಕಾಗಿ ನಲ್ಲಿ ನೀರಿನ ಸುರಕ್ಷಿತ ಸಂಗ್ರಹಣೆ: ಸಾರ್ವಜನಿಕರಿಗೆ ಮಾಹಿತಿ

ನೆರೆ, ಕೊಳವೆ ಮಾರ್ಗದ ದುರಸ್ತಿ, ವಿದ್ಯುತ್ ವ್ಯತ್ಯಯ ಮುಂತಾದ ಕಾರಣಗಳಿಂದ ಕುಡಿಯುವ ನೀರಿನ ಸರಬರಾಜು ಸ್ಥಗಿತಗೊಳ್ಳುವ ಸಂಭವವಿರುತ್ತದೆ. 2022ರ ಸೆಪ್ಟೆಂಬರ್ ತಿಂಗಳಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ಮಳೆನೀರು ನುಗ್ಗಿದ ಕಾರಣ ಬೆಂಗಳೂರಿನ ಅನೇಕ ಬಡಾವಣೆಗಳಿಗೆ ಕಾವೇರಿ ನೀರು ಪೂರೈಕೆಯಾಗಿರಲಿಲ್ಲ. ಇಂತಹ ಸಂದರ್ಭಗಳಲ್ಲಿ ಅಶುದ್ಧ ನೀರಿನ ಬಳಕೆಯಿಂದ ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಹರಡುತ್ತವೆ. ಆದುದರಿಂದ ಪ್ರತಿಯೊಂದು ಕುಟುಂಬವೂ ಮುಂಚಿತವಾಗಿ ನೀರನ್ನು ಸಂಗ್ರಹಿಸಿಡುವುದು ಸೂಕ್ತ.

1. ಅಗತ್ಯವಿರುವ ಪ್ರಮಾಣ
ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್‌ನಂತೆ 3 ದಿನಗಳಿಗೆ ಸಂಗ್ರಹಿಸತಕ್ಕದ್ದು. ಉದಾಹರಣೆಗೆ, ಐದು ಜನರ ಕುಟುಂಬಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನುಗಳು. ಬಾಣಂತಿಯರು ಮತ್ತು ರೋಗಿಗಳಿರುವ ಮನೆಗಳಲ್ಲಿ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ.

2. ಪಾತ್ರೆಯ ಸಿದ್ಧತೆ
ಆಹಾರ ದರ್ಜೆಯ, ಬಿಗಿ ಮುಚ್ಚಳವಿರುವ ಕ್ಯಾನುಗಳನ್ನೇ ಬಳಸಬೇಕು. ಕೀಟನಾಶಕ, ಬಣ್ಣ ಅಥವಾ ಸೀಮೆಎಣ್ಣೆ ತುಂಬಿದ್ದ ಡಬ್ಬಗಳನ್ನು ಎಷ್ಟೇ ತೊಳೆದರೂ ಬಳಸಬಾರದು. ಕ್ಯಾನನ್ನು ಸಾಬೂನಿನಿಂದ ತೊಳೆದು, 1 ಲೀಟರ್ ನೀರಿಗೆ 1 ಚಹಾ ಚಮಚ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ (ಶೇ. 5ರಿಂದ 6, ಸುವಾಸನೆರಹಿತ) ಬೆರೆಸಿ, ಒಳಭಾಗಕ್ಕೆಲ್ಲ ತಾಗುವಂತೆ ಅರ್ಧ ನಿಮಿಷ ಕುಲುಕಿ ಚೆಲ್ಲಿ, ಶುದ್ಧ ನೀರಿನಿಂದ ಜಾಲಿಸಬೇಕು.

3. ನೀರನ್ನು ತುಂಬುವ ವಿಧಾನ
ಅ) ಸ್ಥಳೀಯ ಸಂಸ್ಥೆಯು ಕ್ಲೋರಿನೀಕರಿಸಿದ ನೀರನ್ನು ನಲ್ಲಿಯಿಂದ ನೇರವಾಗಿ ತುಂಬುವುದಾದರೆ ಮತ್ತೆ ಕ್ಲೋರಿನ್ ಬೆರೆಸುವ ಅಗತ್ಯವಿಲ್ಲ. ಸರಬರಾಜು ಆರಂಭವಾದಾಗ ಮೊದಲು ಬರುವ ರಾಡಿ ನೀರನ್ನು ಬಿಟ್ಟು ಅನಂತರ ತುಂಬಬೇಕು.
ಆ) ಸಂಪು, ಮೇಲ್ತೊಟ್ಟಿ ಅಥವಾ ಕೊಳವೆ ಬಾವಿಯ ತಿಳಿನೀರಾದರೆ ಮೇಲಿನ ದ್ರಾವಣವನ್ನು ಲೀಟರಿಗೆ 2 ಹನಿಯಂತೆ (20 ಲೀಟರಿಗೆ ಸುಮಾರು 2 ಮಿ.ಲೀ.) ಬೆರೆಸಿ 30 ನಿಮಿಷ ಬಿಡಬೇಕು. ಕಲಕು ನೀರಾದಲ್ಲಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಎರಡು ಪಟ್ಟು ದ್ರಾವಣ ಬೆರೆಸಬೇಕು.
ಇ) ಶುದ್ಧೀಕರಣ ಯಂತ್ರದ ಇದ್ದಿಲು ಸೋಸುಕವು ಕ್ಲೋರಿನ್ನನ್ನು ತೆಗೆದುಹಾಕುತ್ತದೆ. ಕುದಿಸಿದ ನೀರಿನಲ್ಲಿಯೂ ಕ್ಲೋರಿನ್ ಉಳಿಯುವುದಿಲ್ಲ. ಆದ್ದರಿಂದ ಇವು ದೀರ್ಘಕಾಲದ ಸಂಗ್ರಹಣೆಗಿಂತ ದಿನಬಳಕೆಗೆ ಸೂಕ್ತ.

4. ಸಂಗ್ರಹಣೆ ಮತ್ತು ಬಳಕೆ
ಕ್ಯಾನಿನ ಮೇಲೆ ತುಂಬಿದ ದಿನಾಂಕವನ್ನು ಬರೆದು, ಬಿಸಿಲು ಬೀಳದ ತಂಪಾದ ಸ್ಥಳದಲ್ಲಿಡಬೇಕು. 6 ತಿಂಗಳಿಗೊಮ್ಮೆ ನೀರನ್ನು ಬದಲಾಯಿಸಬೇಕು. ಹಳೆಯ ನೀರನ್ನು ವ್ಯರ್ಥ ಮಾಡದೆ ಗಿಡಗಳಿಗೆ ಅಥವಾ ಶುಚಿ ಕಾರ್ಯಕ್ಕೆ ಬಳಸಬಹುದು. ಕ್ಯಾನಿನೊಳಗೆ ಕೈ ಅಥವಾ ಚೊಂಬನ್ನು ಅದ್ದದೆ ಬಗ್ಗಿಸಿಕೊಳ್ಳಬೇಕು. ತೆರೆದಿಟ್ಟ ಶುದ್ಧ ನೀರಿನಲ್ಲಿಯೇ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದರಿಂದ ಮುಚ್ಚಳ ಸದಾ ಬಿಗಿಯಾಗಿರಬೇಕು.

5. ಎಚ್ಚರಿಕೆ
ಹೈಪೋಕ್ಲೋರೈಟ್ ದ್ರಾವಣವನ್ನು ಶೌಚಾಲಯ ಶುಚಿಗೊಳಿಸುವ ಆಮ್ಲದೊಂದಿಗೆ ಬೆರೆಸಿದರೆ ವಿಷಾನಿಲ ಉಂಟಾಗುತ್ತದೆ. ದ್ರಾವಣವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕ್ಲೋರಿನ್ ಬೆರೆಸುವುದರಿಂದಾಗಲೀ ಕುದಿಸುವುದರಿಂದಾಗಲೀ ಫ್ಲೋರೈಡ್ ಮತ್ತು ನೈಟ್ರೇಟ್ ನಿವಾರಣೆಯಾಗುವುದಿಲ್ಲ. ಇವುಗಳ ಬಗ್ಗೆ ಸಂಶಯವಿದ್ದಲ್ಲಿ ನೀರಿನ ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು.

ನಲ್ಲಿ ನೀರಿನಲ್ಲಿ ದುರ್ವಾಸನೆ ಅಥವಾ ಬಣ್ಣ ಕಂಡುಬಂದಲ್ಲಿ ಅದನ್ನು ಸಂಗ್ರಹಿಸದೆ, ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆ ಅಥವಾ ಜಲಮಂಡಳಿಯ ಕಚೇರಿಗೆ ಕೂಡಲೇ ದೂರು ಸಲ್ಲಿಸಲು ಕೋರಲಾಗಿದೆ.