ಶಿವನಸಮುದ್ರದಿಂದ ಕೋಲಾರಕ್ಕೆ: ಒಂದು ಪುಟ್ಟ ಲೆಕ್ಕದ ಚರಿತ್ರೆ

ಹೈಸ್ಕೂಲು ದಾಟಿದ ಯಾರಿಗೂ ಈ ಲೆಕ್ಕ ಹೊಸತಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಎರಡನ್ನೂ ಗುಣಿಸಿದರೆ ಪವರ್. 230 ವೋಲ್ಟಿನ ಗೀಸರ್ 10 ಆಂಪಿಯರ್ ಎಳೆದರೆ ಅದರ ರೋಧ 23 ಓಮ್, ಪವರ್ 2,300 ವಾಟ್. ಎಂಟೆಕ್ ಮುಗಿಸುವವರೆಗೂ ನನಗಿದು ಪರೀಕ್ಷೆಯ ಸೂತ್ರವಾಗಿಯೇ ಉಳಿದಿತ್ತು. ಈಚೆಗೆ ಬಿಡುವಿನಲ್ಲಿ ಇದರ ಹಿಂದಿನ ಕಥೆ ಓದುತ್ತಾ ಹೋದಾಗ, ಅದು ಇಂಗ್ಲೆಂಡ್, ಜರ್ಮನಿ ಸುತ್ತಿ ನಮ್ಮ ಕಾವೇರಿ ದಂಡೆಗೆ ಬಂದು ನಿಂತಿತು.

18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ಕ್ಯಾವೆಂಡಿಷ್ ಎಂಬ ಮಹಾ ಸಂಕೋಚದ ಮನುಷ್ಯ ಈ ಸಂಬಂಧದ ಹತ್ತಿರಕ್ಕೆ ಬಂದಿದ್ದ. ಕರೆಂಟ್ ಅಳೆಯಲು ಆಗ ಮೀಟರ್ ಎಲ್ಲಿಂದ ಬರಬೇಕು? ತನ್ನ ಮೈಗೇ ಶಾಕ್ ಹೊಡೆಸಿಕೊಂಡು, ಯಾವುದು ಜೋರು, ಯಾವುದು ಮೆಲ್ಲಗೆ ಎಂದು ಹೋಲಿಸಿ ಬರೆದಿಟ್ಟ. ಆದರೆ ಆ ಟಿಪ್ಪಣಿಗಳನ್ನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಅವನ್ನು ಹುಡುಕಿ ಅಚ್ಚು ಹಾಕಿಸಿದ್ದು 1879ರಲ್ಲಿ. ಪ್ರಾಜೆಕ್ಟ್ ಮ್ಯಾನೇಜರನಾಗಿ ನಾನು ತಂಡದವರಿಗೆ ದಿನವೂ ಹೇಳುವ ಮಾತೊಂದಿದೆ: ಬರೆದು ಹಂಚದ ಕೆಲಸ ಆಗದ ಕೆಲಸಕ್ಕೆ ಸಮ. ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಹೀಗಾಗಿ ಹೆಸರು ಉಳಿದದ್ದು ಗೇಯಾರ್ಗ್ ಓಮ್‌ನದು. ಬೀಗ ಮಾಡುವವನ ಮಗ, ಜರ್ಮನಿಯ ಕಲೋನ್ ಊರಿನಲ್ಲಿ ಶಾಲಾ ಮೇಷ್ಟರು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ನೋಡಹೊರಟ. ಆ ಕಾಲದ ಬ್ಯಾಟರಿಗಳ ವೋಲ್ಟೇಜು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಬೆಸೆದ ಜೋಡಿಯನ್ನು ಬಳಸಿದ. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಉಷ್ಣತೆಯ ವ್ಯತ್ಯಾಸ ಬದಲಾಗದಿದ್ದರೆ ವೋಲ್ಟೇಜೂ ಬದಲಾಗದು. ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗಿತೆಂಬುದೇ ಕರೆಂಟಿನ ಅಳತೆ. ತಂತಿ ಉದ್ದವಾದಂತೆ ಕರೆಂಟ್ ಇಳಿಯಿತು, ಅದೂ ಲೆಕ್ಕಕ್ಕೆ ಸಿಗುವ ಕ್ರಮದಲ್ಲಿ.

1827ರಲ್ಲಿ ಅವನ ಪುಸ್ತಕ ಬಂತು. ಸ್ವಂತ ದೇಶದ ವಿದ್ವಾಂಸರು ಅದನ್ನು ತಣ್ಣಗೆ ಬರಮಾಡಿಕೊಂಡರು. ಓಮ್ ಕಲೋನಿನ ಕೆಲಸ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟದ್ದು 1841ರಲ್ಲಿ. ಮ್ಯೂನಿಕ್ಕಿನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1852ರಲ್ಲಿ, ಸಾಯುವುದಕ್ಕೆ ಎರಡೇ ವರ್ಷ ಮೊದಲು.

ಗುಣಾಕಾರದ ಅರ್ಧ ಬಂದದ್ದು ಇಂಗ್ಲೆಂಡಿನ ಜೇಮ್ಸ್ ಜೂಲ್‌ನಿಂದ. ಬಿಯರ್ ತಯಾರಿಸುವ ಮನೆತನದ ಹುಡುಗ. ತಂತಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಆ ಶಾಖ ರೋಧದಷ್ಟೇ ಅಲ್ಲ, ಕರೆಂಟಿನ ವರ್ಗದಷ್ಟು ಏರುತ್ತದೆಂದು 1841ರಲ್ಲಿ ಪ್ರಕಟಿಸಿದ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು.

ಈ 'ವರ್ಗ' ಎಂಬ ಮಾತು ವಿದ್ಯುತ್ತಿನ ಇಡೀ ಭೂಗೋಳವನ್ನೇ ನಿರ್ಧರಿಸಿತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಆರಂಭಿಸಿದ ಕೇಂದ್ರ ಸುಮಾರು 110 ವೋಲ್ಟಿನದು. ಕೇಂದ್ರದಿಂದ ಹೆಚ್ಚು ದೂರ ಹೋದರೆ ತಂತಿಯೇ ಕರೆಂಟನ್ನು ತಿಂದುಹಾಕುತ್ತಿತ್ತು. ಹಾಗಿರುವಾಗ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್, ವಿದ್ಯುತ್ ಒಯ್ಯುವುದೆಂದರೆ?

ಮೈಸೂರು ಸಂಸ್ಥಾನ ಒಯ್ದೇ ಬಿಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಶುರುವಾಯಿತು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್ ಅದರ ಹಿಂದೆ ಬಿದ್ದಿದ್ದರು. ಆಲ್ಟರ್ನೇಟಿಂಗ್ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಸುಮಾರು 30,000 ವೋಲ್ಟಿಗೆ ಏರಿಸಿದರು. 1902ರ ಜೂನ್‌ನಲ್ಲಿ ಗಣಿಗೆ ವಿದ್ಯುತ್ ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ; 1901ರಲ್ಲೇ ತೀರಿಕೊಂಡಿದ್ದರು.

ಅಷ್ಟು ಹೆಚ್ಚಿನ ವೋಲ್ಟೇಜ್ ಯಾಕೆ? ನಾವೇ ಲೆಕ್ಕ ಹಾಕಿ ನೋಡೋಣ. ನಿಜವಾದ ಲೈನು ಮೂರು ಫೇಸಿನದು. ಸುಲಭವಾಗಲೆಂದು ಎರಡೇ ತಂತಿ, 30 ಓಮ್ ರೋಧ, ಕಳಿಸಬೇಕಾದ ಪವರ್ 3,000 ಕಿಲೋವಾಟ್ ಎಂದಿಟ್ಟುಕೊಳ್ಳೋಣ. 30,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 100 ಆಂಪಿಯರ್. ತಂತಿಯಲ್ಲಿ ಶಾಖವಾಗಿ ಹೋಗುವುದು 100ರ ವರ್ಗ ಗುಣಿಸು 30, ಅಂದರೆ 300 ಕಿಲೋವಾಟ್. ಹತ್ತರಲ್ಲಿ ಒಂದು ಪಾಲು ನಷ್ಟ, ಸಹಿಸಬಹುದು. ಅದೇ 3,000 ವೋಲ್ಟಿನಲ್ಲಿ? ಕರೆಂಟ್ 1,000 ಆಂಪಿಯರ್ ಬೇಕು, ನಷ್ಟ 30,000 ಕಿಲೋವಾಟ್. ಕಳಿಸುವುದರ ಹತ್ತು ಪಟ್ಟು ದಾರಿಯಲ್ಲೇ ಖರ್ಚು! ಅಂದರೆ ಆ ತಂತಿಯಲ್ಲಿ ಅದು ಸಾಧ್ಯವೇ ಇಲ್ಲ. ನಷ್ಟವನ್ನು ಮೊದಲಿನಷ್ಟಕ್ಕೇ ಇಳಿಸಲು ನೂರು ಪಟ್ಟು ತಾಮ್ರ ಬೇಕು. ಗಣಿಯ ಚಿನ್ನವೆಲ್ಲ ತಾಮ್ರಕ್ಕೇ ಸರಿಹೋಗುತ್ತಿತ್ತೇನೋ.

ಆದರೆ ಈ ಲೆಕ್ಕ ದಾರಿಯಲ್ಲಿ ಎಷ್ಟು ಸೋರಿತೆಂದು ಹೇಳುತ್ತದೆ, ಯಾರ ಮನೆ ಸೇರಿತೆಂದು ಹೇಳುವುದಿಲ್ಲ. ಕಾವೇರಿಯ ಕರೆಂಟ್ ಮೊದಲು ಹೋದದ್ದು ಬ್ರಿಟಿಷ್ ಕಂಪನಿಗಳ ಗಣಿ ಯಂತ್ರಗಳಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಮೂರು ವರ್ಷದ ಮೇಲೆ, 1905ರಲ್ಲಿ. ನಾನೀಗ ಇರುವ ಮುಂಬೈಯಲ್ಲೂ ಕಥೆ ಬೇರೆಯಲ್ಲ: 1915ರಲ್ಲಿ ಖೋಪೋಲಿಯಿಂದ ಬಂದ ಟಾಟಾ ಜಲವಿದ್ಯುತ್ತು ನಡೆಸಿದ್ದು ಬಟ್ಟೆ ಗಿರಣಿಗಳನ್ನು. ಶಿವನಸಮುದ್ರದ ತಂತಿ ಯಾವ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತೋ, ಅಲ್ಲಿನ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇನ್ನೂ ದಶಕಗಳ ಕಾಲ ಉರಿಯಿತು.