ರಸ್ತೆ ಕೆಟ್ಟಷ್ಟೂ ಚಕ್ರ ಎತ್ತರ

ಅಕ್ಕನ ಮಗ ಸಕಲೇಶಪುರದ ಕಡೆ ಹಳೆಯ ಮಹೀಂದ್ರ ಜೀಪೊಂದನ್ನು ಕೊಂಡ. ಹಿಂದಿನ ಯಜಮಾನನ ಹುಚ್ಚನ್ನೂ ಸೇರಿಸಿ ಕೊಂಡ ಎಂದರೆ ಇನ್ನೂ ಸರಿ. ಆ ಮಹಾಶಯ ಸ್ಪ್ರಿಂಗ್ ಪ್ಲೇಟುಗಳನ್ನು ಬದಲಿಸಿ ಜೀಪಿನ ಮೈಯನ್ನು ಮೂರು ಅಂಗುಲ ಮೇಲೆತ್ತಿಸಿದ್ದ. ಚಕ್ರಗಳು ಮಾತ್ರ ಮೊದಲಿನಷ್ಟೇ ದೊಡ್ಡವು. ಕೊಕ್ಕರೆ ಕಾಲಿನ ಮೇಲೆ ಎಮ್ಮೆ ನಿಂತಂತೆ ಕಾಣುತ್ತಿತ್ತು.

‘ಮಾವ, ಇದಕ್ಕೆ ಮೂವತ್ತೊಂದರ ಟೈರು ಹಾಕಿಸ್ಲಾ? ಸ್ಪೇಸರ್ ಹೆಂಗೂ ಹಾಕಿದಾರೆ’ ಎಂದು ಕೇಳಿದ.

ಮೂವತ್ತೊಂದು ಎಂದರೆ ನೆಲದಿಂದ ಟೈರಿನ ನೆತ್ತಿಯವರೆಗೆ 31 ಅಂಗುಲ. ಆಗ ಅದರಲ್ಲಿದ್ದ ಟೈರಿನ ಪಕ್ಕೆಯ ಮೇಲೆ 235/75 ಆರ್ 15 ಎಂದಿತ್ತು. ಇದನ್ನು ಓದುವುದು ಸಣ್ಣ ಕೆಲಸವಲ್ಲ. 235 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂಬುದು ಮಿಲಿಮೀಟರೂ ಅಲ್ಲ, ಅಂಗುಲವೂ ಅಲ್ಲ. ಪಕ್ಕೆಯ ಎತ್ತರವು ಅಗಲದ ಶೇಕಡಾ 75ರಷ್ಟು ಎಂದು ಅರ್ಥ. ಕೊನೆಯ 15 ರಿಮ್ಮಿನ ವ್ಯಾಸ, ಅದು ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ. ಇಷ್ಟೆಲ್ಲ ಬರೆದವರು ಚಕ್ರದ ಒಟ್ಟು ಎತ್ತರ ಎಷ್ಟೆಂದು ಮಾತ್ರ ಬರೆದಿಲ್ಲ. ಅದನ್ನು ನಾವೇ ಗುಣಿಸಿಕೊಳ್ಳಬೇಕು. 235ರ ಮುಕ್ಕಾಲು ಪಾಲು 176. ಮೇಲೊಂದು ಕೆಳಗೊಂದು ಪಕ್ಕೆ ಸೇರಿದರೆ 352. ಅದಕ್ಕೆ ರಿಮ್ಮಿನ 381 ಕೂಡಿಸಿದರೆ 733 ಮಿಲಿಮೀಟರು, ಅಂದರೆ 29 ಅಂಗುಲಕ್ಕೆ ಕೂದಲೆಳೆ ಕಡಿಮೆ.

ಬಂಡಿ ಮಾಡುವ ಬಡಗಿಯನ್ನು ಹಿಂದೆ ಯಾರಾದರೂ ಚಕ್ರದ ಬಗ್ಗೆ ಕೇಳಿದ್ದರೆ ಮೊದಲು ಹೇಳುತ್ತಿದ್ದುದೇ ಅದರ ಎತ್ತರವನ್ನು. ಅಂಥ ಮುಖ್ಯ ಅಳತೆ ಟೈರಿನ ಮೇಲಿಂದ ಮಾಯವಾದದ್ದು ಹೇಗೆ?

‘ಟೈರ್’ ಎಂಬ ಮಾತು ರಬ್ಬರಿಗಿಂತ ಹಳೆಯದು. ಮರದ ಗಾಲಿಗೆ ಕಮ್ಮಾರ ಕಾಯಿಸಿ ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಚಕ್ರಕ್ಕೆ ತೊಡಿಸಿದ ಉಡುಗೆ ಎಂಬ ಅರ್ಥದಿಂದ ಬಂದದ್ದು ಎನ್ನುತ್ತಾರೆ. ಆ ಉಡುಗೆಯೊಳಗೆ ಗಾಳಿ ತುಂಬುವ ಉಪಾಯಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಕುದುರೆಗಾಡಿಗಳ ಕಾಲದಲ್ಲಿ ಅದು ಯಾರಿಗೂ ಬೇಕಾಗದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್ನನ ಹಳೆಯ ಕಾಗದ ಹೊರಬಂದು ಡನ್ಲಪ್ಪನ ಪೇಟೆಂಟು ಬಿದ್ದುಹೋದರೂ ಲೋಕ ನೆನಪಿಟ್ಟಿದ್ದು ಡನ್ಲಪ್ಪನನ್ನೇ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಪಂದ್ಯದಲ್ಲಿ ಗಾಳಿ ಟೈರಿನ ಮೋಟಾರುಬಂಡಿ ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್. ಆದರೂ ಮೋಟಾರಿಗೆ ಗಾಳಿಯೇ ಗತಿ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

1908ರಲ್ಲಿ ಹೆನ್ರಿ ಫೋರ್ಡ್ ‘ಮಾಡೆಲ್ ಟಿ’ ಕಾರನ್ನು ಹೊರತಂದ. ಅದರ ಹಿಂದಿನ ಟೈರಿನ ಅಳತೆ 30×3½. ಮೊದಲ ಅಂಕಿಯೇ ಚಕ್ರದ ಎತ್ತರ, 30 ಅಂಗುಲ, ಎರಡನೆಯದು ದಪ್ಪ. ರಿಮ್ ಎಷ್ಟು ಎಂದು ಬೇಕಿದ್ದವರು ಕಳೆದುಕೊಂಡು ತಿಳಿಯಬೇಕಿತ್ತು: 30ರಲ್ಲಿ ಎರಡು ಸಲ ಮೂರೂವರೆ ಕಳೆದರೆ 23. ಅಮೆರಿಕದ ಹಳ್ಳಿದಾರಿಗಳು ಆಗ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಗಾಡಿ ಜಾಡು. ಚಕ್ರ ಎತ್ತರವಿದ್ದರೆ ಮಾತ್ರ ಹೊಟ್ಟೆ ತಗುಲದೆ ದಾಟಬಹುದಿತ್ತು. ಹೀಗಾಗಿ ಕೊಳ್ಳುವವನಿಗೆ ಬೇಕಾದ ಅಂಕಿಯೇ ಮುಂದೆ ನಿಂತಿತ್ತು.

ಆಮೇಲೆ ರಸ್ತೆಗಳು ಸುಧಾರಿಸಿದವು, ಜನರಿಗೆ ಸುಖ ಬೇಕಾಯಿತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ‘ಬಲೂನ್’ ಟೈರುಗಳನ್ನು ತಂದಿತು. ದಪ್ಪ ಹೆಚ್ಚು, ಒಳಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮೆತ್ತಗೆ. ಟೈರು ದಪ್ಪವಾದಂತೆ ರಿಮ್ಮು ಸಣ್ಣದಾಯಿತು. ಹೆಸರಿಡುವ ರೀತಿಯೂ ತಲೆಕೆಳಗಾಗಿ 4.40-21 ಎಂಬಂಥ ಅಂಕಿಗಳು ಬಂದವು. ಮೊದಲು ದಪ್ಪ, ಆಮೇಲೆ ರಿಮ್ಮಿನ ವ್ಯಾಸ. ಟೈರು ಅಂಗಡಿಯವನಿಗೆ ಬೇಕಾದುದು ‘ಇದು ಈ ರಿಮ್ಮಿಗೆ ಕೂರುತ್ತದೆಯೆ’ ಎಂಬುದೊಂದೇ ತಾನೆ? ಚಕ್ರದ ಎತ್ತರ ಅಳತೆಪಟ್ಟಿಯಿಂದ ಕಳಚಿಬಿದ್ದದ್ದು ಇಲ್ಲಿ.

ಎರಡನೆಯ ಮಹಾಯುದ್ಧದ ಜೀಪು ಹುಟ್ಟಿದ್ದು ಈ ಹೊಸ ಪದ್ಧತಿಯಲ್ಲಿ. ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು, ಅವಕ್ಕೆಲ್ಲ 6.00-16ರ ಟೈರು. ಆರಂಗುಲ ದಪ್ಪ, 16 ಅಂಗುಲದ ರಿಮ್ಮು, ಒಟ್ಟು ಎತ್ತರ 28–29 ಅಂಗುಲ. ಮುಂದಕ್ಕೂ ಹಿಂದಕ್ಕೂ ಒಂದೇ ಹಿಡಿತ ಸಿಗುವಂಥ ದಪ್ಪ ಹಲ್ಲುಗಳು. 1947ರಿಂದ ಮಹೀಂದ್ರ ಸಂಸ್ಥೆ ಭಾರತದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ಅದೇ ಟೈರು ಮಲೆನಾಡಿನ ಕಾಫಿ ತೋಟಗಳಿಗೂ ಬಂತು. ಕೊಡಗು, ಮೂಡಿಗೆರೆ, ಸಕಲೇಶಪುರದ ಹಿರಿಯರು ಮಳೆಗಾಲದಲ್ಲಿ ಅದಕ್ಕೆ ಸರಪಳಿ ಸುತ್ತಿ ಓಡಾಡಿದ್ದನ್ನು ಈಗಲೂ ಹೇಳುತ್ತಾರೆ. ಅಕ್ಕನ ಮಗನ ಜೀಪಿನ 235ರ ಟೈರು ನೋಡಲು ಎಷ್ಟು ಅಗಲವಿದ್ದರೂ ಎತ್ತರದಲ್ಲಿ ಅಜ್ಜನ ಕಾಲದ ಸಣಕಲು ಟೈರಿಗೆ ಹೆಚ್ಚುಕಡಿಮೆ ಸಮ. ಮಾಡೆಲ್ ಟಿ ಕಾರಿಗಿಂತ ಗಿಡ್ಡ!

ಟೈರಿನ ಮೇಲಿನ ‘ಆರ್’ ಅಕ್ಷರ ಫ್ರಾನ್ಸಿನ ಕೊಡುಗೆ. ಅಲ್ಲಿಯವರೆಗೆ ಟೈರಿನೊಳಗಿನ ದಾರಗಳು ಓರೆಯಾಗಿ, ಒಂದರ ಮೇಲೊಂದು ಹಾಯ್ದು ಹೋಗುತ್ತಿದ್ದವು. ಮಿಷೆಲಿನ್ ಕಂಪನಿ 1946ರಲ್ಲಿ ಅವನ್ನು ಅಂಚಿನಿಂದ ಅಂಚಿಗೆ ನೇರ ಅಡ್ಡಕ್ಕೆ ಹಾಯಿಸಿ, ಮೇಲೆ ಉಕ್ಕಿನ ಪಟ್ಟಿ ಬಿಗಿಯುವ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು, 1949ರಲ್ಲಿ ಮಾರಾಟಕ್ಕಿಟ್ಟಿತು. ಪಕ್ಕೆ ಬಾಗುತ್ತದೆ, ತಳ ನೆಲಕ್ಕೆ ಮಟ್ಟಸವಾಗಿ ಕೂರುತ್ತದೆ. ಬರಬರುತ್ತ ಟೈರುಗಳು ಇನ್ನೂ ಅಗಲವಾಗಿ, ಪಕ್ಕೆಗಳು ಗಿಡ್ಡವಾದಾಗ ಶೇಕಡಾವಾರು ಹೇಳುವ ಅಗತ್ಯವೂ ಬಂತು. ಯೂರೋಪು ಅಗಲವನ್ನು ಮಿಲಿಮೀಟರಿಗೆ ಬದಲಿಸಿತು. ರಿಮ್ಮನ್ನೇಕೆ ಬದಲಿಸಲಿಲ್ಲ? ಬದಲಿಸಲು ನೋಡಿದರು. 1975ರಲ್ಲಿ ಅದೇ ಮಿಷೆಲಿನ್ 390 ಮಿಲಿಮೀಟರಿನಂಥ ಅಳತೆಯ ಹೊಸ ರಿಮ್ಮು, ಅದಕ್ಕೆ ಮಾತ್ರ ಕೂರುವ ಟೈರು ಎರಡನ್ನೂ ತಂದಿತು. 390 ಎಂದರೆ ಹದಿನೈದೂಕಾಲು ಅಂಗುಲಕ್ಕಿಂತ ತುಸು ಜಾಸ್ತಿ. ಬೇರೆ ಯಾರ ಟೈರೂ ಅದಕ್ಕೆ ಕೂರದು. ಜನ ಒಪ್ಪಲಿಲ್ಲ. ಬ್ರಿಟಿಷರ ಅಂಗುಲ ರಿಮ್ಮಿನಲ್ಲಿ ಉಳಿದುಕೊಂಡಿತು.

ಇಷ್ಟರಲ್ಲಿ ಅಮೆರಿಕದಲ್ಲಿ ರಸ್ತೆ ಬೇಡವೆನ್ನುವ ಜನರ ಹೊಸ ಪೀಳಿಗೆ ಹುಟ್ಟಿತ್ತು. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯ ಓಟ ಆರಂಭವಾಯಿತು. 1976ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿ ಮಣ್ಣಿಗೂ ಡಾಂಬರಿಗೂ ಒದಗುವ ರೇಡಿಯಲ್ ಟೈರು ಮಾಡಿತು. ಇಂಥ ಟೈರುಗಳ ಮೇಲಿನ ಅಳತೆ ನೋಡಿ: 31×10.50 ಆರ್ 15. ಮೊದಲು ಎತ್ತರ, ಆಮೇಲೆ ಅಗಲ! ಮಾಡೆಲ್ ಟಿ ಕಾಲದ ಭಾಷೆ ಮರಳಿ ಬಂದಿತ್ತು. ಕೆಟ್ಟ ದಾರಿಗೆ ಇಳಿದವನಿಗೆ ಮತ್ತೆ ಅದೇ ಹಳೆಯ ಪ್ರಶ್ನೆ ಎದುರಾಗಿತ್ತು.

ಇಲ್ಲೊಂದು ತಪ್ಪು ಗ್ರಹಿಕೆ ಬಹಳ ಜನರಲ್ಲಿದೆ. ಸ್ಪ್ರಿಂಗ್ ಎತ್ತರಿಸಿದರೆ ಜೀಪು ಬಂಡೆ ದಾಟುತ್ತದೆ ಎಂದು. ಜೀಪಿನ ಕೆಳಗೆ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ, ಅಚ್ಚಿನಲ್ಲಿ, ಬೋರಲು ಹಾಕಿದ ಬಟ್ಟಲಿನಂತೆ ಒಂದು ಗುಂಡು ಕಾಣುತ್ತದೆ. ಡಿಫರೆನ್ಷಿಯಲ್ ಇರುವುದು ಅದರೊಳಗೆ. ಕಲ್ಲಿಗೆ ಮೊದಲು ಬಡಿಯುವುದು ಅದೇ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಜೀಪಿನ ಮೈ. ಅಚ್ಚು ಇದ್ದಲ್ಲೇ ಇರುತ್ತದೆ. ಅಚ್ಚನ್ನು ನೆಲದಿಂದ ಮೇಲೆತ್ತುವುದು ಟೈರೊಂದೇ. ಮೈ ಎತ್ತರಿಸುವುದು ಮುಖ್ಯವಾಗಿ ಆ ದೊಡ್ಡ ಟೈರಿಗೆ ಜಾಗ ಮಾಡಿಕೊಡಲು.

ಹಾಗಾದರೆ 29ರಿಂದ 31ಕ್ಕೆ ಏರಿದರೆ ಅಚ್ಚು ಎಷ್ಟು ಮೇಲೇಳುತ್ತದೆ? ವ್ಯಾಸದ ವ್ಯತ್ಯಾಸದಲ್ಲಿ ಅರ್ಧ, ಅಂದರೆ 27 ಮಿಲಿಮೀಟರು. ಒಂದೂವರೆ ಬೆರಳಗಲ! ಅದಕ್ಕೆ ತೆರುವ ಬೆಲೆ ಕೇಳಿ. ಚಕ್ರದ ಸುತ್ತಳತೆ ಶೇಕಡಾ 7ರಷ್ಟು ಹೆಚ್ಚುತ್ತದೆ. ಮುಳ್ಳು 60 ತೋರಿಸುವಾಗ ಜೀಪು 64ರಲ್ಲಿ ಓಡುತ್ತಿರುತ್ತದೆ. ಎಲ್ಲ ಗೇರುಗಳೂ ಅಷ್ಟೇ ಪಾಲು ಉದ್ದವಾಗಿ, ಘಾಟಿ ಹತ್ತುವಾಗ ಎಂಜಿನ್ನು ಏದುಸಿರು ಬಿಡುತ್ತದೆ. ಬ್ರೇಕಿನ ಸನ್ನೆಯೂ ಅಷ್ಟೇ ದುರ್ಬಲವಾಗುತ್ತದೆ. 33, 35 ಎಂದು ಏರುತ್ತ ಹೋದವರು ಗೇರಿನ ಹಲ್ಲುಗಳ ಲೆಕ್ಕವನ್ನೇ ಬದಲಿಸಬೇಕಾಗುತ್ತದೆ.

ಹಾಗೆಂದು ಇದೆಲ್ಲ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಐಸ್‌ಲ್ಯಾಂಡಿನವರು ಹಿಮನದಿಗಳ ಮೇಲೆ ಓಡಾಡಲು ಜೀಪುಗಳಿಗೆ 38, 44 ಅಂಗುಲದ ಟೈರು ತೊಡಿಸಿ ಗಾಳಿಯನ್ನು ಎರಡು ಮೂರು ಪೌಂಡಿಗೆ ಇಳಿಸುತ್ತಾರೆ. ಎರಡು ಟನ್ನಿನ ಜೀಪಿನ ಒಂದೊಂದು ಚಕ್ರದ ಮೇಲೆ ಸುಮಾರು 1,100 ಪೌಂಡು ಭಾರ. 30 ಪೌಂಡು ಒತ್ತಡದಲ್ಲಿ ಟೈರು ನೆಲಕ್ಕೆ ಊರುವುದು ಸುಮಾರು 37 ಚದರ ಅಂಗುಲ. 3 ಪೌಂಡಿಗೆ ಇಳಿಸಿದರೆ, ಲೆಕ್ಕದ ಪ್ರಕಾರ, ಅದರ ಹತ್ತರಷ್ಟು. ಮೆತ್ತನೆಯ ಹಿಮದಲ್ಲಿ ಹೂಳುವ ಬದಲು ಜೀಪು ತೇಲುತ್ತದೆ. 1990ರಲ್ಲಿ ಅಲ್ಲಿ ಆರಂಭವಾದ ಆರ್ಕ್ಟಿಕ್ ಟ್ರಕ್ಸ್ ಎಂಬ ಸಂಸ್ಥೆ ಇದನ್ನೇ ಕಸುಬಾಗಿ ಮಾಡಿ ಅಂಟಾರ್ಕ್ಟಿಕಾದವರೆಗೂ ಗಾಡಿ ಕಳಿಸಿತು. ಅವರಿಗೆ ದೊಡ್ಡ ಟೈರು ಬೇಕೇ ಬೇಕು. ಬಿಸಿಲೆ ಘಾಟಿಗೆ ಬೇಕೆ ಎಂಬುದು ಬೇರೆ ಮಾತು.

ಇನ್ನು ಸ್ಪೇಸರ್. ಚಕ್ರಕ್ಕೂ ಹಬ್ಬಿಗೂ ನಡುವೆ ತೂರಿಸುವ ಲೋಹದ ಬಿಲ್ಲೆ ಇದು. ಚಕ್ರವನ್ನು ಹೊರಕ್ಕೆ ಸರಿಸುವ ಆಸೆಯೂ ಹೊಸದಲ್ಲ. ಅಮೆರಿಕದ ಗಾಡಿ ಜಾಡುಗಳ ಅಗಲ ಸಾಮಾನ್ಯವಾಗಿ 56 ಅಂಗುಲ. ದಕ್ಷಿಣದ ಕೆಲವು ರಾಜ್ಯಗಳಲ್ಲಿ 60. ಫೋರ್ಡ್ ಕಂಪನಿ ಆ ಕಡೆಯವರಿಗಾಗಿ ಕೆಲ ವರ್ಷ 60 ಅಂಗುಲದ ಮಾಡೆಲ್ ಟಿ ಮಾರಿತು. ಚಕ್ರ ಜಾಡಿಗೆ ಬೀಳದಿದ್ದರೆ ಕಾರು ವಾಲಿಕೊಂಡೇ ಓಡಬೇಕಿತ್ತು. ನಮ್ಮ ರೈತರೂ ಬೆಳೆಸಾಲಿಗೆ ತಕ್ಕಂತೆ ಟ್ರ್ಯಾಕ್ಟರಿನ ಹಿಂಚಕ್ರದ ಡಿಸ್ಕನ್ನು ತಿರುಗಿಸಿ ಹಾಕಿ ಅಗಲ ಹೆಚ್ಚಿಸಿಕೊಳ್ಳುತ್ತಾರೆ. ಆದರೆ ಟ್ರ್ಯಾಕ್ಟರನ್ನು ಅದಕ್ಕೆಂದೇ ಮಾಡಿರುತ್ತಾರೆ.

ಜೀಪಿಗೆ ಸ್ಪೇಸರ್ ಹಾಕುವವರು ಎರಡು ಕಾರಣ ಕೊಡುತ್ತಾರೆ. ಅಗಲದ ಟೈರು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸ್ಪ್ರಿಂಗಿಗೆ ಉಜ್ಜುವುದು ತಪ್ಪುತ್ತದೆ ಎಂಬುದು ಮೊದಲನೆಯದು, ಅದು ನಿಜ. ಎತ್ತರವಾದ ಜೀಪು ಉರುಳದಂತೆ ಕಾಲು ಅಗಲವಾಗುತ್ತದೆ ಎಂಬುದು ಎರಡನೆಯದು, ಇದು ಅರೆನಿಜ. ಲೆಕ್ಕಕ್ಕೆಂದು ಚಕ್ರಗಳ ನಡುವಿನ ಅಗಲ 1,250 ಮಿಲಿಮೀಟರು, ಗುರುತ್ವಕೇಂದ್ರದ ಎತ್ತರ 650 ಎಂದಿಟ್ಟುಕೊಳ್ಳಿ. ಆ ಕೇಂದ್ರ 75 ಮೇಲೇರಿದರೆ ಮೊದಲಿನ ಭದ್ರತೆಗೆ 1,394 ಅಗಲ ಬೇಕು. ಅಂದರೆ ಒಂದೊಂದು ಬದಿಗೆ 72. ಸಾಮಾನ್ಯವಾಗಿ ಸಿಗುವ 30 ಮಿಲಿಮೀಟರಿನ ಬಿಲ್ಲೆ ಕಳೆದುಕೊಂಡದ್ದರಲ್ಲಿ ಅರ್ಧವನ್ನೂ ತುಂಬಿಕೊಡುವುದಿಲ್ಲ. ಅದೇ 30 ಮಿಲಿಮೀಟರು ಬೇರಿಂಗಿನ ಮೇಲೆ ಮೀಟುಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಹೊರಕ್ಕೆ ಸರಿದ ಟೈರು ತಿರುಗುವಾಗ ಮಡ್‌ಗಾರ್ಡಿಗೆ ತಗುಲುವುದೂ ಉಂಟು.

ಬಿಲ್ಲೆಯ ತೂತುಗಳಲ್ಲೂ ಚರಿತ್ರೆಯಿದೆ. ವಿಲ್ಲಿಸ್ ಜೀಪಿನ ಐದು ಬೋಲ್ಟುಗಳು ಐದೂವರೆ ಅಂಗುಲದ ವೃತ್ತದ ಮೇಲೆ ಕೂತಿದ್ದವು. ಮಾರುತಿ ಜಿಪ್ಸಿಯ ವೃತ್ತವೂ ಅಷ್ಟೇ, ಈಗ ಅದನ್ನು 139.7 ಮಿಲಿಮೀಟರು ಎಂದು ಬರೆಯುತ್ತಾರೆ. ಆ ಏಳು ದಶಾಂಶ ಎಲ್ಲಿಂದ ಬಂತೆಂದು ಕೇಳಿದರೆ, ಅಂಗುಲ ವೇಷ ಮರೆಸಿಕೊಂಡಿದೆ ಎಂದೇ ಉತ್ತರ. ಚಕ್ರದ ಭಾರ ಹೊರಬೇಕಾದ್ದು ನಡುವಿನ ಹಬ್ಬು. ಬೋಲ್ಟುಗಳು ಒತ್ತಿ ಹಿಡಿಯಲು ಮಾತ್ರ. ಬಿಲ್ಲೆಯ ನಡುತೂತು ಹಬ್ಬಿಗೆ ಬಿಗಿಯಾಗಿ ಕೂರದಿದ್ದರೆ ಕುಲುಕಾಟವೆಲ್ಲ ಬೋಲ್ಟುಗಳ ಪಾಲಿಗೆ.

ನಮಗೆ ಇದು ಗೊತ್ತಾದದ್ದು ಶಿರಾಡಿ ಇಳಿಯುವಾಗ. ಎಡ ಮುಂಚಕ್ರದಿಂದ ಟಕ್ ಟಕ್ ಎಂದು ಸದ್ದು. ಇಳಿದು ನೋಡಿದರೆ ಐದರಲ್ಲಿ ಒಂದು ಬೋಲ್ಟು ತುಂಡಾಗಿ ಬಿದ್ದುಹೋಗಿತ್ತು, ಇನ್ನೆರಡರ ನಟ್ಟು ಕೈಯಲ್ಲೇ ತಿರುಗುತ್ತಿತ್ತು. ಪಕ್ಕದಲ್ಲೇ ಪ್ರಪಾತ. ಉಳಿದ ನಟ್ಟು ಬಿಗಿದು ಆಳು ನಡೆಯುವ ವೇಗದಲ್ಲಿ ಇಳಿದು, ಕೆಳಗಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದೆವು. ಬಿಲ್ಲೆಯ ನಡುತೂತು ಹಬ್ಬಿಗಿಂತ ಬೆರಳು ತೂರುವಷ್ಟು ದೊಡ್ಡದಿತ್ತು. ‘ಇದು ಯಾವ್ದೋ ಬೇರೆ ಗಾಡೀದು ಸಾರ್’ ಎಂದ ಮೇಸ್ತ್ರಿ. ಅವನ್ನು ಕೂರಿಸಿದವರು ಯಾರೋ.

ಕಾನೂನೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ವಿವರಿಸುತ್ತ ಹೇಳಿತು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೂ ಇಂಥದನ್ನೇ. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡ. ಆದರೆ ಶಿರಾಡಿಯ ಆ ಅರ್ಧ ಗಂಟೆ ನನಗಿಂತ ಚೆನ್ನಾಗಿ ಅವನಿಗೆ ತಿಳಿಹೇಳಿತ್ತು.

ಜೀಪಿಗೆ ಈಗ ಹಳೆಯ ಎತ್ತರದ ಸ್ಪ್ರಿಂಗು, ಆರಂಗುಲ ದಪ್ಪದ ಅದೇ 6.00-16ರ ಟೈರು, ಕೆಸರಿಗೆ ಸರಪಳಿ. ತೋಟದ ದಾರಿಗೆ ಸಾಕಾಗಿದೆ. ಬಿಚ್ಚಿ ತಂದ ನಾಲ್ಕು ಬಿಲ್ಲೆಗಳನ್ನು ಅಕ್ಕ ಕಾಫಿ ಒಣಗಿಸುವ ಕಣದಲ್ಲಿ ಟಾರ್ಪಾಲಿನ ನಾಲ್ಕು ಮೂಲೆಗೆ ಇಟ್ಟಿದ್ದಾಳೆ. ಅಲ್ಯೂಮಿನಿಯಂ ನೋಡಿ, ಗಾಳಿಗೆ ಭಾರ ಸಾಲದೆ ಒಂದೊಂದರ ಮೇಲೂ ಒಂದೊಂದು ಕಲ್ಲು ಹೇರಿದ್ದಾಳೆ.