ಬೇಸಗೆಯ ಬಿಡುವೂ ವೇತನದ ಕಲಿಕೆಯೂ

ಮುಂಬಯಿ ಕರ್ನಾಟಕದ ಹಳೆಯ ಕಚೇರಿಗಳ ವ್ಯವಹಾರವನ್ನು ಬಲ್ಲವರಿಗೆ 'ಉಮೇದುವಾರ' ಎಂಬ ಮಾತು ಅಪರಿಚಿತವಾದುದಲ್ಲ. ಪಾರಸಿಯ 'ಉಮೇದ್' ಎಂದರೆ ಆಶೆ. ಇಂದಲ್ಲ ನಾಳೆ ಒಂದು ಜಾಗ ತೆರವಾದೀತೆಂದು ನೆಚ್ಚಿ, ಸಂಬಳವಿಲ್ಲದೆ ದಫ್ತರ ಬರೆಯುತ್ತ ಕೆಲಸ ಕಲಿಯುತ್ತಿದ್ದ ತರುಣನೇ ಉಮೇದುವಾರ. ಮರಾಠಿಯಲ್ಲಿ 'ಉಮೇದವಾರಿ' ಎಂಬುದಕ್ಕೆ ಕೆಲಸ ಕಲಿಯುವ ಅವಧಿ ಎಂಬ ಅರ್ಥ ಈಗಲೂ ಉಂಟು. ಆಶೆಯನ್ನೇ ಉಂಡು ಬದುಕುವುದು ಯಾರಿಂದಲೂ ಆಗದ ಕಾರಣ, ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲದವನು ಮಾತ್ರ ಉಮೇದುವಾರಿಯನ್ನು ನಡೆಸಬಲ್ಲವನಾಗಿದ್ದನು. ಇಂದು 'ಇಂಟರ್ನ್‌ಶಿಪ್' ಎಂಬ ಹೆಸರಿನಿಂದ ಬಳಕೆಯಲ್ಲಿರುವ ಪದ್ಧತಿಗೂ ಇದೇ ತೊಡಕು ಅಂಟಿಕೊಂಡಿದೆ. ಅದರ ಒಂದು ಕವಲು, ಎಂದರೆ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಬೇಸಗೆಯ ರಜೆಯಲ್ಲಿ ವೇತನವನ್ನಿತ್ತು ತಂತ್ರವಿದ್ಯೆಯನ್ನು ಕಲಿಸುವ ಕ್ರಮವು, ಅಮೇರಿಕದಲ್ಲಿ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಆ ದೇಶದ ಶಾಲೆಗಳ ದೀರ್ಘವಾದ ಬೇಸಗೆಯ ರಜೆಯು ಒಕ್ಕಲುತನದ ಅನುಕೂಲಕ್ಕಾಗಿ ಹುಟ್ಟಿತೆಂದು ಹೇಳುವ ವಾಡಿಕೆಯಿದೆ. ಇದು ನಿಲ್ಲುವ ಮಾತಲ್ಲ. ಬಿತ್ತನೆ ವಸಂತದಲ್ಲಿ, ಸುಗ್ಗಿ ಶರತ್ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಯ ಶಾಲೆಗಳು ಬೇಸಗೆಯಲ್ಲಿಯೂ ನಡೆಯುತ್ತಿದ್ದುವು. ಅದು ಹೇಗೇ ಇರಲಿ, ರಜೆಯೊಂದು ಬಂದ ಮೇಲೆ ಉಳ್ಳವರ ಮಕ್ಕಳಿಗೆ ಅದು ವಿಹಾರದ ಕಾಲವೂ ಇಲ್ಲದವರ ಮಕ್ಕಳಿಗೆ ಗಳಿಕೆಯ ಕಾಲವೂ ಆಯಿತು. 1938ರ 'ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್' ಶಾಸನವು ಕನಿಷ್ಠ ವೇತನವನ್ನು ಗೊತ್ತುಪಡಿಸಿ, ಎಳೆಯರ ದುಡಿಮೆಗೆ ಮಿತಿಯನ್ನು ಹಾಕಿತು. ಆದರೆ 1947ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಪೋರ್ಟ್‌ಲಂಡ್ ಟರ್ಮಿನಲ್ ಎಂಬ ರೈಲ್ವೆಯ ಮೊಕದ್ದಮೆ ಬಂದಿತು. ಬ್ರೇಕ್‌ಮನ್ ಕೆಲಸಕ್ಕೆಂದು ಸುಮಾರು ಒಂದು ವಾರ ಕಲಿಯುವವರು ನೌಕರರಲ್ಲ, ಅವರಿಗೆ ಕನಿಷ್ಠ ವೇತನ ಸಲ್ಲಬೇಕಾಗಿಲ್ಲ ಎಂದು ತೀರ್ಪಾಯಿತು. ಮುಂದೆ ವೇತನವಿಲ್ಲದ ಇಂಟರ್ನ್‌ಶಿಪ್ಪನ್ನು ಸಮರ್ಥಿಸುವವರೆಲ್ಲ ಈ ತೀರ್ಪಿನ ಆಸರೆಯನ್ನು ಹಿಡಿದರು. ರೈಲ್ವೆಯ ಅಂಗಳದಲ್ಲಿ ಒಂದು ವಾರದ ಕಲಿಕೆಗೆ ಹೇಳಿದ ಮಾತು ಕಚೇರಿಗಳ ತಿಂಗಳುಗಟ್ಟಲೆಯ ದುಡಿಮೆಗೆ ಅನ್ವಯವಾದುದು ವಿಚಿತ್ರವೇ ಸರಿ.

1957ರ ಅಕ್ಟೋಬರಿನಲ್ಲಿ ಸೋವಿಯತ್ ರಶಿಯವು ಸ್ಪುಟ್ನಿಕ್ಕನ್ನು ಹಾರಿಸಿದ ಮೇಲೆ ಅಮೇರಿಕದ ವಿಜ್ಞಾನ ಶಿಕ್ಷಣಕ್ಕೆ ಒಮ್ಮೆಲೆ ಹಣ ಹರಿದುಬಂದಿತು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1959ರಿಂದ ಪ್ರತಿಭಾವಂತ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳಲ್ಲಿ ಬೇಸಗೆಯ ತರಗತಿಗಳನ್ನು ನಡೆಸಲು ನೆರವಿತ್ತಿತು. ಇಲ್ಲಿ ವಿಜ್ಞಾನವಿದ್ದಿತು, ಗಳಿಕೆ ಇರಲಿಲ್ಲ. ಇದಕ್ಕೆ ತೀರ ಬೇರೆಯಾದ ಇನ್ನೊಂದು ಧಾರೆ ಅದೇ ಕಾಲದಲ್ಲಿ ಹುಟ್ಟಿತು. ನ್ಯೂಯಾರ್ಕ್ ನಗರವು 1963ರಲ್ಲಿ ತರುಣರಿಗೆ ಬೇಸಗೆಯ ಉದ್ಯೋಗ ಯೋಜನೆಯನ್ನು ಆರಂಭಿಸಿತು. 1964ರ ಆರ್ಥಿಕಾವಕಾಶ ಶಾಸನದ ಮೂಲಕ ಕೇಂದ್ರ ಸರಕಾರವೂ 'ನೇಬರ್‌ಹುಡ್ ಯೂತ್ ಕೋರ್' ಎಂಬ ವ್ಯವಸ್ಥೆಯನ್ನು ಮಾಡಿತು. ಬಡ ಮನೆಗಳ ಹುಡುಗರು ಉದ್ಯಾನ, ಆಸ್ಪತ್ರೆ, ಗ್ರಂಥಾಲಯ, ಕಚೇರಿಗಳಲ್ಲಿ ದುಡಿದು ಕೂಲಿ ಪಡೆದರು. ಇಲ್ಲಿ ಗಳಿಕೆಯಿದ್ದಿತು, ವಿಜ್ಞಾನವಿರಲಿಲ್ಲ. ಜಾಣರಿಗೆ ಪಾಠ, ಬಡವರಿಗೆ ಪೊರಕೆ ಎಂಬ ಈ ವಿಭಜನೆಯನ್ನು ಯಾರೂ ಬೇಕೆಂದು ಯೋಜಿಸಿದಂತಿಲ್ಲ. ಆದರೂ ಅದು ನಡೆದುಹೋಯಿತು.

ಇವೆರಡಕ್ಕೂ ಹೊರಗಾಗಿ ಕೆಲವು ಹುಡುಗರು ತಾವೇ ದಾರಿ ಮಾಡಿಕೊಂಡರು. ಅವರ ಕಥೆ ಪ್ರಸಿದ್ಧವಾಗಿದ್ದರೂ ಅದರ ಆರ್ಥಿಕ ಮಗ್ಗುಲನ್ನು ನೋಡಿದವರು ಕಡಮೆ. ಸಿಯಾಟಲಿನ ಲೇಕ್‌ಸೈಡ್ ಎಂಬ ಖಾಸಗಿ ಶಾಲೆಯಲ್ಲಿ 1968ರಲ್ಲಿ ತಾಯಂದಿರ ಸಂಘದವರು ಹಳೆಯ ಸಾಮಾನುಗಳ ಮಾರಾಟದಿಂದ ಕೂಡಿಸಿದ ಹಣವನ್ನಿತ್ತು, ದೂರದ ಗಣಕಯಂತ್ರಕ್ಕೆ ಸಂಪರ್ಕವಿರುವ ಟೆಲಿಟೈಪ್ ಒಂದನ್ನು ಒದಗಿಸಿದರು. ಬಿಲ್ ಗೇಟ್ಸ್, ಪಾಲ್ ಆ್ಯಲೆನ್ ಮೊದಲಾದವರು ಅದರ ಮುಂದೆ ಕುಳಿತು ಕಲಿತರು. ಯಂತ್ರದ ಸಮಯಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದಿತು. ಆ ಹಣ ಬಹು ಬೇಗ ತೀರಿತು. ಆಗ ಊರಿನ ಒಂದು ಗಣಕ ಕಂಪನಿಯು ತನ್ನ ಯಂತ್ರದ ಕ್ರಮವಿಧಿಗಳಲ್ಲಿರುವ ದೋಷಗಳನ್ನು ಹುಡುಕಿಕೊಟ್ಟರೆ ಯಂತ್ರವನ್ನು ಬಿಟ್ಟಿಯಾಗಿ ಬಳಸಬಹುದೆಂದಿತು. 1971ರಲ್ಲಿ ಪೋರ್ಟ್‌ಲಂಡಿನ ಇನ್ನೊಂದು ಕಂಪನಿಗಾಗಿ ಸಂಬಳದ ಲೆಕ್ಕವಿಡುವ ಕ್ರಮವಿಧಿಯನ್ನು ಬರೆದಾಗಲೂ ಪ್ರತಿಫಲ ಬಂದುದು ಯಂತ್ರದ ಸಮಯದ ರೂಪದಲ್ಲಿಯೇ. ಅನ್ಯರ ಸಂಬಳದ ಲೆಕ್ಕ ಬರೆದವರಿಗೆ ಸಂಬಳವಿರಲಿಲ್ಲ! ಆದರೆ ಆ ಕಾಲದಲ್ಲಿ ಯಂತ್ರದ ಸಮಯವೆಂಬುದು ಹಣಕ್ಕಿಂತ ದುರ್ಲಭವಾಗಿದ್ದಿತು. 1973ರಲ್ಲಿ, ಶಾಲೆಯ ಕೊನೆಯ ವರ್ಷದಲ್ಲಿದ್ದ ಗೇಟ್ಸ್ ಬಾನವಿಲ್ ವಿದ್ಯುತ್ ಜಾಲದ ನಿಯಂತ್ರಣಕ್ಕಾಗಿ ಟಿ.ಆರ್.ಡಬ್ಲ್ಯು. ಕಂಪನಿಯಲ್ಲಿ ನಡೆಯುತ್ತಿದ್ದ ಕಾರ್ಯಕ್ಕೆ ಸೇರಿದಾಗ ನಿಜವಾದ ಸಂಬಳ ದೊರೆಯಿತು.

ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ಜಾಬ್ಸ್ ಇನ್ನೂ ಎಳೆಯ ಹುಡುಗನಾಗಿದ್ದಾಗ, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಬಿಲ್ ಹ್ಯೂಲೆಟ್‌ರ ಮನೆಯ ದೂರವಾಣಿ ಸಂಖ್ಯೆಯನ್ನು ಪುಸ್ತಕದಲ್ಲಿ ಹುಡುಕಿ, ಆವರ್ತನ ಮಾಪಕಕ್ಕೆ ಬೇಕಾದ ಭಾಗಗಳನ್ನು ಕೇಳಿದನು. ಭಾಗಗಳೂ ದೊರೆತುವು, ಬೇಸಗೆಯಲ್ಲಿ ಅದೇ ಮಾಪಕಗಳನ್ನು ಜೋಡಿಸುವ ಸಾಲಿನಲ್ಲಿ ಕೆಲಸವೂ ದೊರೆಯಿತು. ಹುಡುಗನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಯಜಮಾನನ ಮನೆ ಅದೇ ಪ್ರದೇಶದಲ್ಲಿದ್ದು, ಇಲೆಕ್ಟ್ರಾನಿಕ್ ವಸ್ತುಗಳು ನೆರೆಕೆರೆಯ ಗ್ಯಾರೇಜುಗಳಲ್ಲಿಯೇ ಸಿಗುತ್ತಿದ್ದ ಕಣಿವೆಯಲ್ಲಿ ಆ ಧೈರ್ಯಕ್ಕೆ ಫಲವಿದ್ದಿತೆಂಬುದನ್ನು ಮರೆಯಬಾರದು. ಅವನಷ್ಟೇ ಚತುರನಾಗಿ ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ ಬೆಳೆದವನು ಯಾರಿಗೆ ಫೋನು ಮಾಡಬೇಕಾಗಿತ್ತು?

ಎರಡು ಧಾರೆಗಳನ್ನು ಕೂಡಿಸುವ ಪ್ರಯತ್ನಕ್ಕೆ ಒಳ್ಳೆಯ ಉದಾಹರಣೆ ನಾಸಾ ಸಂಸ್ಥೆ 1980ರಲ್ಲಿ ತೊಡಗಿದ 'ಶಾರ್ಪ್' ಎಂಬ ಯೋಜನೆ. ತಂತ್ರವಿದ್ಯೆಯಲ್ಲಿ ವಿರಳವಾಗಿದ್ದ ವರ್ಗಗಳಿಂದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಆಯ್ದು, ಒಬ್ಬೊಬ್ಬರನ್ನು ಒಬ್ಬ ವಿಜ್ಞಾನಿಯ ಅಥವಾ ಇಂಜಿನಿಯರರ ಕೈಕೆಳಗೆ ಬೇಸಗೆಯುದ್ದಕ್ಕೂ ಇರಿಸಿ, ಅದಕ್ಕೆ ವೇತನವನ್ನೂ ಕೊಡಲಾಗುತ್ತಿದ್ದಿತು. ನನ್ನ ಎಣಿಕೆಯಲ್ಲಿ ಇಲ್ಲಿಯ ಮುಖ್ಯಾಂಶ ವ್ಯೋಮವಿಜ್ಞಾನವಲ್ಲ, ವೇತನ. ಅದಿಲ್ಲದಿದ್ದರೆ ಅಂಗಡಿಯ ಕೂಲಿಯನ್ನು ಬಿಟ್ಟು ಪ್ರಯೋಗಶಾಲೆಗೆ ಹೋಗುವುದು ಅನೇಕರಿಗೆ ಸಾಧ್ಯವಿರಲಿಲ್ಲ.

ಕೂಲಿ ಮಾತ್ರವೇ ಸಾಕೆಂದು ಹೇಳಲೂ ಬಾರದು. ಚಿಕಾಗೋದಲ್ಲಿ 2012ರ ಬೇಸಗೆಯಲ್ಲಿ, ಹಿಂಸೆ ಹೆಚ್ಚಾಗಿದ್ದ ನೆರೆಯ 13 ಶಾಲೆಗಳ 1,634 ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಕೆಲವರಿಗೆ 8 ವಾರಗಳ ಕೆಲಸವನ್ನು ಕೊಡಲಾಯಿತು. 16 ತಿಂಗಳಲ್ಲಿ ಕೆಲಸ ಸಿಕ್ಕವರ ಪೈಕಿ ಹಿಂಸಾಪರಾಧದ ಬಂಧನಗಳು ಶೇಕಡಾ 43ರಷ್ಟು ಕಡಮೆಯಾದುವೆಂದು 2014ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ ಯೋಜನೆಯನ್ನು ಕುರಿತ 2016ರ ಅಧ್ಯಯನದಲ್ಲಿಯೂ ಸೆರೆವಾಸ, ಅಕಾಲಮರಣಗಳು ತಗ್ಗಿದುವೆಂದು ಕಂಡಿತು. ಆದರೆ ಕಾಲೇಜು ಸೇರುವವರ ಪ್ರಮಾಣವಾಗಲಿ ಮುಂದಿನ ಗಳಿಕೆಯಾಗಲಿ ಏರಲಿಲ್ಲ. ಪೊರಕೆಯ ಕೂಲಿ ಹುಡುಗನ ಪ್ರಾಣವನ್ನು ಉಳಿಸಿತು, ವೃತ್ತಿಯ ಬಾಗಿಲನ್ನು ತೆರೆಯಲಿಲ್ಲ. ವಿಜ್ಞಾನದ ಬೇಸಗೆ ಶಿಬಿರಗಳ ಪರೀಕ್ಷೆಯಿಂದ ಹೊರಟ 2022ರ ಇನ್ನೊಂದು ಅಧ್ಯಯನವು ಅಂಥ ಶಿಬಿರಗಳಿಂದ ವಿಜ್ಞಾನ, ತಂತ್ರವಿದ್ಯೆಗಳಲ್ಲಿ ಪದವಿ ಪಡೆಯುವವರು ಹೆಚ್ಚಿದುದನ್ನು ತೋರಿಸಿತು. ಎರಡನ್ನೂ ಒಂದೇ ಕೈಯಿಂದ ಕೊಡಬೇಕೆಂಬ ವಾದಕ್ಕೆ ಇವು ಬಲವಾದ ಆಧಾರಗಳು.

ನಮ್ಮ ದೇಶದಲ್ಲಿ 1850ರ ಅಪ್ರೆಂಟಿಸ್ ಶಾಸನವು ಅನಾಥ ಹಾಗೂ ಬಡ ಮಕ್ಕಳನ್ನು ಕಸುಬುಗಾರರಿಗೆ ಒಪ್ಪಿಸಲು ಏರ್ಪಟ್ಟುದು. 1961ರ ಶಾಸನವು 14 ವರ್ಷ ತುಂಬಿದವರನ್ನು ಅಪ್ರೆಂಟಿಸರಾಗಿ ಸೇರಿಸಿಕೊಂಡು ಸ್ಟೈಪೆಂಡನ್ನು ಕೊಡಬೇಕೆಂದು ವಿಧಿಸಿತು. 1973ರ ತಿದ್ದುಪಡಿಯಿಂದ ಪದವೀಧರ, ಡಿಪ್ಲೊಮಾ ಇಂಜಿನಿಯರರೂ 1986ರ ತಿದ್ದುಪಡಿಯಿಂದ ಹನ್ನೆರಡನೆಯ ತರಗತಿಯ ವೃತ್ತಿಶಿಕ್ಷಣ ಮುಗಿಸಿದವರೂ ಇದರೊಳಗೆ ಬಂದರು. ಹೀಗೆ ಸ್ಟೈಪೆಂಡು ದೊರೆಯುವುದು ಬಹುಮಟ್ಟಿಗೆ ಶಾಲೆಯನ್ನು ಬಿಟ್ಟವನಿಗೆ ಅಥವಾ ಮುಗಿಸಿದವನಿಗೆ. ಓದುತ್ತಿರುವವನ ಬೇಸಗೆಯನ್ನು ಶಾಸನ ಗಮನಿಸಿಲ್ಲ.

ಮುಂಬಯಿಯ ಕನ್ನಡಿಗರಿಗೆ ಇದು ಪರದೇಶದ ವಿಚಾರವೆಂದು ತೋರಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದುದು ನಮ್ಮ ನಗರದ ಚರಿತ್ರೆಯ ಒಂದು ಭಾಗ. ಅವರಿಗೂ ಕೂಲಿ ಒಂದು ಕಡೆ, ಕಲಿಕೆ ಇನ್ನೊಂದು ಕಡೆ. ಆ ರಾತ್ರಿಶಾಲೆಗಳ ಹಳೆಯ ದಾಖಲೆ ಪುಸ್ತಕಗಳು ಎಲ್ಲಿ ಉಳಿದಿವೆಯೋ ಅಲ್ಲಿ, ಯಾವ ಹುಡುಗರು ಯಾವ ಕೆಲಸದಿಂದ ಬಂದು ಯಾವ ತರಗತಿಯವರೆಗೆ ಓದಿದರೆಂಬುದನ್ನು ಸಂಘದ ಆಸಕ್ತರು ಸಂಗ್ರಹಿಸಿದರೆ, ಅಮೇರಿಕದ ಅಂಕಿಗಳ ಪಕ್ಕದಲ್ಲಿಡಲು ನಮ್ಮವೇ ಆದ ಕೆಲವು ಅಂಕಿಗಳು ದೊರೆತಾವು.